ಓದೆಲು ಸರ್ದಾರನ ಬಿದಿರುಗೋಲು

ನಮ್ಮ ಎಂಟನೇ ಬಾವಿಗೆ, ಅಂದರೆ ಎಂಟನೇ ಕಲ್ಲಿದ್ದಲು ಗಣಿಗೆ, ಹೊಸದಾಗಿ ಕೆಲಸಕ್ಕೆ ಬಂದವರಿಗೆ ಹಳಬರು ಎರಡನ್ನು ತೋರಿಸುತ್ತಿದ್ದರು. ಮೊದಲನೆಯದು ಸುರಂಗದ ಬಾಯಲ್ಲಿರುವ ಮೈಸಮ್ಮನ ಗುಡಿ. ಎರಡನೆಯದು ಓದೆಲು ಸರ್ದಾರನ ಕಿವಿ. ಗುಡಿಗೆ ಕೈಮುಗಿದು ಇಳಿಯಬೇಕು, ಓದೆಲುವಿನ ಕಿವಿಯನ್ನು ನಂಬಿ ಕೆಲಸ ಮಾಡಬೇಕು. ಉಳಿದದ್ದು ತಾನಾಗಿ ನಡೆಯುತ್ತದೆ ಎಂಬುದು ಇಲ್ಲಿಯವರ ತಿಳಿವಳಿಕೆ. ಕಲ್ಲಿದ್ದಲು ಕಡಿಯುವ ಜಾಗಕ್ಕೆ ಜನ ಹೋಗುವ ಮುನ್ನ ಸರ್ದಾರ ಮುಂದಾಗಿ ಹೋಗಿ, ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಕಲ್ಲನ್ನು ತಟ್ಟಿ ನೋಡುತ್ತಾನೆ. ಗಟ್ಟಿ ಕಲ್ಲು ಕಂಚಿನ ತಂಬಿಗೆಯ ಹಾಗೆ ನುಡಿಯುತ್ತದೆ. ಒಳಗೆ ಪದರ ಬಿಚ್ಚಿದ ಕಲ್ಲು ಹಣ್ಣಾದ ಕುಂಬಳಕಾಯಿಯ ಹಾಗೆ. ಇವೆರಡರ ನಡುವೆ ಇನ್ನೂ ಹತ್ತಾರು ಬಗೆಗಳಿವೆ. ಸರ್ದಾರನ ಬೆಲೆ ಇರುವುದು ಆ ಹತ್ತಾರರಲ್ಲಿ. ಓದೆಲು ‘ಕಂಬ’ ಎಂದ ಕಡೆ ಮೇಲಿನ ಕಲ್ಲಿಗೆ ಆಸರೆಯಾಗಿ ಕಂಬ ನಿಲ್ಲುತ್ತಿತ್ತು, ‘ನಡೀರಿ’ ಎಂದರೆ ಜನ ನಡೆಯುತ್ತಿದ್ದರು. ಅವನ ಪಾಳಿಯಲ್ಲಿ ಹತ್ತೊಂಬತ್ತು ವರ್ಷದಿಂದ ಒಬ್ಬನ ಮೇಲೂ ಕಲ್ಲು ಬಿದ್ದಿರಲಿಲ್ಲ.

ಆ ಕಿವಿ ಕೇಳಿಸದಾಗಿ ಆಗಲೇ ನಾಲ್ಕು ವರ್ಷವಾಗಿತ್ತು. ಅದು ಗೊತ್ತಿದ್ದವರು ಇಬ್ಬರೇ: ಅವನ ಹೆಂಡತಿ ಪೋಷವ್ವ, ಮತ್ತು ನಾನು.

ನಾನು ಈ ಬಾವಿಯ ದೀಪದ ಕೋಣೆಯವನು. ಇಳಿಯುವವರಿಗೆ ಟೊಪ್ಪಿಗೆಯ ದೀಪ ಕೊಡುವುದು, ಹತ್ತಿ ಬಂದವರಿಂದ ಅದನ್ನು ಹಿಂದಕ್ಕೆ ಪಡೆದು ಗೂಡಿನಲ್ಲಿಡುವುದು ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಪಾಳಿ ಮುಗಿದ ಮೇಲೆಯೂ ಒಂದು ಗೂಡು ಖಾಲಿ ಉಳಿಯಿತೆಂದರೆ ಒಬ್ಬ ಇನ್ನೂ ಒಳಗಿದ್ದಾನೆ ಎಂದರ್ಥ. ಹಾಗಾಗಿ ಪ್ರತಿಯೊಬ್ಬನ ಮುಖವನ್ನೂ ದಿನಕ್ಕೆರಡು ಸಲ ಸರಿಯಾಗಿ ನೋಡುವುದು ನನಗೆ ಅಭ್ಯಾಸ. ಒಂದು ಬೆಳಗ್ಗೆ ಓದೆಲು ಕಿಟಕಿಯ ಕಟ್ಟೆಯ ಮೇಲೆ ಬುತ್ತಿಯ ಸದ್ದಿ ಡಬ್ಬಿ ಬಿಟ್ಟು ಹೊರಟ. ಹಿಂದಿನಿಂದ ಮೂರು ಸಲ ಕೂಗಿದೆ. ಜೋಳದ ರೊಟ್ಟಿಯ ಡಬ್ಬಿಯನ್ನು ಮರೆತು ಹೋಗುವವನೂ ಅಲ್ಲ, ಕೂಗಿದರೆ ತಿರುಗದವನೂ ಅಲ್ಲ. ಕೊನೆಗೆ ಅವನ ಸಹಾಯಕ ಕೊಮುರಯ್ಯ ಹೆಗಲು ಮುಟ್ಟಿದಾಗ ತಿರುಗಿದ.

ಮರುದಿನ ಅವನು ಕಿಟಕಿಗೆ ಬಂದಾಗ ನಾನು ದನಿ ಹೊರಡಿಸದೆ ಬರೀ ತುಟಿ ಆಡಿಸಿ ಕೇಳಿದೆ: “ಮೊಮ್ಮಗಳ ಜ್ವರ ಬಿಡ್ತಾ?”

“ಬಿಟ್ಟದ. ರಾತ್ರಿ ಗಂಜಿ ಕುಡದಾಳ,” ಎಂದ.

ಅವನು ಅಷ್ಟು ಹೇಳಿ ನನ್ನನ್ನು ನೋಡಿದ. ಅಲುಗದ ನನ್ನ ಗಂಟಲು ನೋಡಿ, ನಾನೇನು ಮಾಡಿದೆನೆಂದು ಅವನಿಗೆ ಹೊಳೆಯಿತು. ದೀಪದ ಪಟ್ಟಿಯನ್ನು ಸೊಂಟಕ್ಕೆ ಬಿಗಿಯುತ್ತ ಬಗ್ಗಿ, ಕಿಟಕಿಯ ಹತ್ತಿರ ಬಾಯಿ ತಂದು, “ರಾಜೇಶಂ, ನಿನ್ನ ಹೊಟ್ಟ್ಯಾಗ ಇಟ್ಕೋ,” ಎಂದ.

ಇಟ್ಟುಕೊಂಡೆ. ಆದರೆ ಸುಮ್ಮನೆ ಇಟ್ಟುಕೊಳ್ಳಲಿಲ್ಲ. ನೂರು ಜನರ ತಲೆಯ ಮೇಲಿನ ಕಲ್ಲಿನ ಪ್ರಶ್ನೆ ಅದು. ಆ ವಾರವೇ ದೀಪ ರಿಪೇರಿಯ ನೆವ ಹೇಳಿ ಅವನ ಹಿಂದೆ ಕೆಳಗಿಳಿದೆ. ಅಲ್ಲಿ ನೋಡಿದ್ದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರ ಮೇಲೆ ನಿಂತಿದೆ.

ಓದೆಲುವಿನ ಬಲಗೈಯಲ್ಲಿ ಎಲ್ಲ ಸರ್ದಾರರಲ್ಲಿರುವಂಥ ಕಬ್ಬಿಣದ ಸಲಾಕೆ. ಎಡಗೈಯಲ್ಲಿ, ಬೇರೆ ಯಾರಲ್ಲೂ ಇಲ್ಲದ ಒಂದು ಬಿದಿರುಗೋಲು. ಆಳುದ್ದಕ್ಕಿಂತ ತುಸು ಹೆಚ್ಚು, ಹಿಡಿಯುವ ಕಡೆ ಬೆವರು ಕುಡಿದು ಕಪ್ಪಾದದ್ದು. ವಯಸ್ಸಾದವನು ಊರಿಕೊಳ್ಳಲು ಹಿಡಿದಿದ್ದಾನೆ ಎಂದೇ ನಾವೆಲ್ಲ ಭಾವಿಸಿದ್ದೆವು. ಅವನು ಅದನ್ನು ಊರುತ್ತಿರಲಿಲ್ಲ. ಮೇಲಿನ ಕಲ್ಲಿಗೆ ಅದರ ತುದಿಯನ್ನು ಒತ್ತಿ ಹಿಡಿದು, ಪಕ್ಕದಲ್ಲಿ ಸಲಾಕೆಯಿಂದ ತಟ್ಟುತ್ತಿದ್ದ. ಕಣ್ಣು ಮುಚ್ಚುತ್ತಿದ್ದ. ಕಲ್ಲಿನ ನಡುಕ ಬಿದಿರಿನ ಗೆಣ್ಣುಗಳನ್ನು ಇಳಿದು ಅಂಗೈಗೆ ಬರುತ್ತಿತ್ತು.

“ಇದು ಹಳೇ ಸರ್ದಾರ ಲಚ್ಚಯ್ಯ ಮುದುಕ ಕಲಿಸಿದ್ದು,” ಎಂದ. “ಅಂವಗೂ ಕಡೀಗೆ ಕಿವಿ ಇರಲಿಲ್ಲ. ಕಿವಿಗೆ ಹತ್ತು ಸಪ್ಪಳ ಬಂದು ಗದ್ದಲ ಮಾಡ್ತಾವ, ಕೈಗೆ ಒಂದೇ ಬರ್ತದ ಅಂತಿದ್ದ. ನೀ ಹಿಡಿ.”

ಹಿಡಿದೆ. ಅವನು ತಟ್ಟಿದ. ಏನೋ ಜುಮ್ಮೆಂದಿತು. ಎರಡು ಹೆಜ್ಜೆ ಆಚೆ ಮತ್ತೆ ತಟ್ಟಿದ. ಅದೇ ಜುಮ್ಮು.

“ಎರಡೂ ಒಂದೇ ಅದಾವಲ್ಲೋ.”

“ಮೊದಲನೇದು ಕುಂತದ, ಎರಡನೇದು ಏಳ್ಲಿಕ್ಕ ಹವಣಸ್ಲಿಕತ್ತದ. ನಿನ್ನ ಕೈ ಇನ್ನೂ ಬಾಣಂತಿ ಕೈಯಂಗ ಮೆತ್ತಗ ಅದ, ಹೋಗು, ದೀಪ ಒರಸು.”

ಎರಡನೆಯ ಕಡೆ ಕಂಬ ನಿಲ್ಲಿಸಲು ಹೇಳಿದ. ಎರಡು ದಿನದಲ್ಲಿ ಆ ಕಂಬದ ತಲೆಯ ಹಲಗೆ ಭಾರಕ್ಕೆ ಬಾಗಿದ್ದನ್ನು ನೋಡಿದವರು ಹೇಳಿದರು. ಅಂದಿನಿಂದ ನನ್ನ ಹೊಟ್ಟೆ ತಣ್ಣಗಾಯಿತು.

ಕಿವಿ ಕೇಳದವನು ಕೆಳಗಿಳಿಯುವಂತಿಲ್ಲ ಎಂಬುದು ಕಾಯಿದೆ. ಗೊತ್ತಾದ ದಿನವೇ ಮೇಲಿನ ಕೆಲಸಕ್ಕೆ ಹಾಕುತ್ತಾರೆ: ತೂಕದ ಕಟ್ಟೆಯ ಬಳಿ ಕೂರುವುದು, ಲಾರಿಗಳ ಸಂಖ್ಯೆ ಬರೆಯುವುದು. ಓದೆಲುವಿಗೆ ಅದು ಬೇಡವಾಗಿತ್ತು. ಮಾನೇರು ಹೊಳೆಯ ದಡದ ಹಳ್ಳಿಯಿಂದ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಬುಟ್ಟಿ ಹೊರಲು ಬಂದವನು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಪರೀಕ್ಷೆ ಬರೆದು ಸರ್ದಾರನಾದವನು. ಮೂವತ್ತನಾಲ್ಕು ವರ್ಷ ಇಳಿದಿದ್ದಾನೆ. ಇಲ್ಲಿ ಕೊನೆಯ ಪಾಳಿಗೊಂದು ಪದ್ಧತಿಯಿದೆ. ನಿವೃತ್ತನಾಗುವವನು ಆ ದಿನವೂ ಎಲ್ಲರಂತೆ ಇಳಿದು ಪಾಳಿ ಮುಗಿಸಿ, ಎಲ್ಲರಿಗಿಂತ ಹಿಂದೆ ಹತ್ತಿ ಬರುತ್ತಾನೆ. ಮೈಸಮ್ಮನ ಗುಡಿಯ ಮುಂದೆ ಹೆಂಡತಿ ಆರತಿ ಹಿಡಿದು ನಿಂತಿರುತ್ತಾಳೆ. ಮುಖದ ಮಸಿ ತೊಳೆಯದೆ ಅವನು ಆರತಿ ತೆಗೆದುಕೊಳ್ಳಬೇಕು. ಮೇಲಿನ ಕೆಲಸದವರಿಗೆ ಇದಿಲ್ಲ. ಅವರಿಗೆ ಕಚೇರಿಯಲ್ಲಿ ಶಾಲು, ಚಹ, ಎರಡು ಬಿಸ್ಕತ್ತು. ಓದೆಲುವಿಗೆ ಆ ದಿನಕ್ಕೆ ಹದಿನಾಲ್ಕು ತಿಂಗಳು ಬಾಕಿಯಿತ್ತು. ಹಿಂದಿನ ವೈದ್ಯಕೀಯ ತಪಾಸಣೆಯನ್ನು ವೈದ್ಯರ ತುಟಿ ನೋಡಿಯೇ ದಾಟಿದ್ದ, ಮುಂದಿನದು ಅದಕ್ಕೂ ಆಚೆ ಇತ್ತು. ಪೋಷವ್ವ ಆರತಿಯ ಹಿತ್ತಾಳೆ ತಟ್ಟೆಯನ್ನು ಆಗಲೇ ಕೊಂಡು ತಂದಿಟ್ಟಿದ್ದಳು.

ಆ ವೇಳೆಗೆ ಬಾವಿಯೊಳಗೆ ಸಂಪರ್ಕ ಜಾಲ ಬಂದಿತ್ತು. ಸುರಂಗದ ಗೋಡೆಗುಂಟ ಹೆಬ್ಬೆರಳು ದಪ್ಪದ ಕೇಬಲ್, ನೂರು ಹೆಜ್ಜೆಗೊಂದು ಪೆಟ್ಟಿಗೆ. ಪ್ರತಿ ಟೊಪ್ಪಿಗೆಗೂ ಒಂದು ಬಿಲ್ಲೆ. ಯಾರು ಎಲ್ಲಿದ್ದಾರೆ ಎಂಬುದು ನನ್ನ ಕೋಣೆಯ ಪರದೆಯ ಮೇಲೆ ಹಸಿರು ಚುಕ್ಕಿಯಾಗಿ ಕಾಣುತ್ತಿತ್ತು. ಮೊದಲ ತಿಂಗಳಲ್ಲೇ ಕೊಮುರಯ್ಯ ಅದಕ್ಕೊಂದು ದಾರಿ ಹುಡುಕಿದ. ತನ್ನ ಬಿಲ್ಲೆಯನ್ನು ಗೆಳೆಯನ ಟೊಪ್ಪಿಗೆಗೆ ಸಿಕ್ಕಿಸಿ, ತಾನು ಹಳೆಯ ಪಂಪಿನ ಮನೆಯಲ್ಲಿ ನಿದ್ದೆ ಹೊಡೆದ. ಪರದೆಯ ಮೇಲೆ ಇಬ್ಬರ ಚುಕ್ಕಿಗಳೂ ಇಡೀ ಪಾಳಿ ಅಂಟಿಕೊಂಡೇ ನಡೆದಾಡಿದವು.

“ಏನೋ, ಮದುವಿ ಆಗ್ಯಾದೇನು ನಿಮ್ಮಿಬ್ಬರ್ದು? ಒಂದು ಗಳಿಗಿ ಬಿಟ್ಟಿರ್ಲಿಲ್ಲ,” ಎಂದು ನಾನು ದೀಪ ತೆಗೆದುಕೊಳ್ಳುವಾಗ ಕೇಳಿದೆ.

“ಮಾಮಾ, ನಿನ್ನ ಕಿಟಕೀಗೆ ಬರೇ ಮುಖ ಕಾಣ್ತಿತ್ತು, ಈಗ ಕುಂಡಿನೂ ಕಾಣ್ಲಿಕತ್ತದ. ಇದು ಒಳ್ಳೇದಲ್ಲ,” ಎಂದ ಅವನು.

ಆ ಜಾಲದ ಬೆನ್ನಿಗೇ ಕೃತಕ ಬುದ್ಧಿಮತ್ತೆ ಬಂತು. ಹೈದರಾಬಾದಿನಿಂದ ಒಂದು ತಂಡ. ಅದರಲ್ಲಿ ಕೆಳಗಿಳಿಯುವವಳು ಪ್ರವಳಿಕ ಎಂಬ ಹುಡುಗಿ. ಸಿರಿಸಿಲ್ಲದ ಮಗ್ಗದವರ ಮನೆಯವಳು, ಇಪ್ಪತ್ತೇಳರ ವಯಸ್ಸು, ಮೊದಲ ದಿನವೇ ಯಾರೂ ಹೇಳದೆ ಮೈಸಮ್ಮನಿಗೆ ತೆಂಗಿನಕಾಯಿ ಒಡೆದು ಇಳಿದಳು. ಅವಳ ಯೋಜನೆ ಸರಳವಾಗಿತ್ತು. ಸರ್ದಾರನ ಸಲಾಕೆಗೆ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಧ್ವನಿಗ್ರಾಹಕ ಕಟ್ಟುವುದು. ಅವನು ತಟ್ಟಿದ ಸದ್ದು, ತಟ್ಟಿದ ಮೇಲೆ ಅವನು ಹೇಳುವ ‘ಒಳ್ಳೇದು’ ಅಥವಾ ‘ಕೆಟ್ಟದ್ದು’ ಎಂಬ ಮಾತು, ಎರಡೂ ಕೇಬಲ್ ಹತ್ತಿ ಮೇಲೆ ಬರುತ್ತವೆ. ಸಾವಿರಾರು ಸಲ ಹೀಗೆ ಕೇಳಿ ಕೇಳಿ ಯಂತ್ರ ಅವನ ವಿದ್ಯೆಯನ್ನು ಕಲಿಯುತ್ತದೆ. ಆಮೇಲೆ ಯಾವ ಸರ್ದಾರ ಎಲ್ಲಿ ತಟ್ಟಿದರೂ ಕೈಯ ಡಬ್ಬಿಯಲ್ಲಿ ಹಸಿರೋ ಕೆಂಪೋ ದೀಪ ಹತ್ತುತ್ತದೆ. ನಮ್ಮವರು ಆ ಯಂತ್ರಕ್ಕೆ ‘ಚಿಕ್ಕ ಸರ್ದಾರ’ ಎಂದು ಹೆಸರಿಟ್ಟರು.

ಎಂಟು ಬಾವಿಗಳ ಸರ್ದಾರರಲ್ಲಿ ಕಲಿಸಲು ಆಯ್ಕೆಯಾದದ್ದು ಓದೆಲು. ಕಾರಣ ಅವನ ಕಿವಿ. ಅವನಿಗೆ ಖುಷಿಯೇ ಆಯಿತು. ಶಿಷ್ಯನಿಲ್ಲದೆ ಹೋಗುತ್ತೇನೆಂಬ ಕೊರಗು ಅವನಲ್ಲಿತ್ತು. ಬಿದಿರುಗೋಲನ್ನು ಕೊಮುರಯ್ಯನ ಕೈಗೆ ಎಷ್ಟು ಸಲ ಕೊಟ್ಟರೂ ಅವನು ಅದರಿಂದ ಬೆನ್ನು ತುರಿಸಿಕೊಳ್ಳುತ್ತಿದ್ದ.

ಮೊದಲ ದಿನ ಪ್ರವಳಿಕ ಇಯರ್‌ಫೋನನ್ನು ಕಿವಿಗಿಟ್ಟು ನಿಂತಳು. ಓದೆಲು ಗೋಲು ಒತ್ತಿ ತಟ್ಟಿದ. ಅವಳು ಮುಖ ಕಿವುಚಿದಳು.

“ದೊಡ್ಡಪ್ಪಾ, ಆ ಬಿದಿರು ಕಲ್ಲಿಗೆ ಉಜ್ಜಿ ಕರಕರ ಅಂತದ. ಸಲಾಕಿ ಸಪ್ಪಳ ಕೆಡ್ತದ. ಅದನ್ನ ಅತ್ಲಾಗ ಇಡ್ತೀರೇನು?”

ಅವನು ಒಂದು ಕ್ಷಣ ಗೋಲನ್ನು ನೋಡಿದ. ಇಡುವುದಿಲ್ಲ ಎಂದರೆ ಏಕೆಂದು ಹೇಳಬೇಕು. ಏಕೆಂದು ಹೇಳಿದರೆ ಕಿವಿಯ ಮಾತು ಬರುತ್ತದೆ. ಕೊಮುರಯ್ಯ ನಗುತ್ತ, “ಇಡು ಮಾಮಾ, ಮುದುಕಾದಿ ಅಂತ ಆ ಹುಡುಗಿಗೆ ತೋರಸ್ಕೋಬ್ಯಾಡ,” ಎಂದ.

ಗೋಡೆಗೆ ಗೋಲನ್ನು ಒರಗಿಸಿದ.

ಮೂರು ವಾರ ಹಾಗೆ ನಡೆಯಿತು. ಗೋಲಿಲ್ಲದ ಓದೆಲುವಿಗೆ ಕಲ್ಲು ಮೂಕವಾಗಿತ್ತು. ಸಲಾಕೆ ಹಿಡಿದ ಬಲಗೈಗೆ ಬರುವುದು ತನ್ನದೇ ಏಟಿನ ಪೆಟ್ಟು. ದೊಡ್ಡ ಬಿರುಕು ಅದರಲ್ಲೂ ತಿಳಿಯುತ್ತಿತ್ತು. ನಡುವಣ ಹತ್ತಾರು ಬಗೆಗಳು ತಿಳಿಯುತ್ತಿರಲಿಲ್ಲ. ಸಂಶಯ ಬಂದ ಕಡೆಯೆಲ್ಲ ‘ಕೆಟ್ಟದ್ದು’ ಎನ್ನತೊಡಗಿದ. ಎಲ್ಲೆಡೆ ಕಂಬ ಎದ್ದವು. ದಂಡಿನ ಹಾಗೆ ಸಾಲುಗಟ್ಟಿದ ಕಂಬಗಳ ನಡುವೆ ಕಲ್ಲಿದ್ದಲು ಹೊರುವ ಡಬ್ಬಿ ಬಂಡಿ ತಿರುಗಿಸಲಾಗದೆ ಜನ ಗೊಣಗಿದರು. “ಮಾಮ ಅಳಿಯನ ಮನೀಗೆ ಚಪ್ಪರ ಹಾಕ್ಲಿಕತ್ತಾನ,” ಎಂದು ಕೊಮುರಯ್ಯ ಹಾಡು ಕಟ್ಟಿದ. ಪ್ರತಿದಿನ ಪ್ರವಳಿಕ ಮೇಲೆ ಹೋದ ಕೂಡಲೇ, ಜನ ಆ ಜಾಗಕ್ಕೆ ಹೋಗುವ ಮುನ್ನ, ಓದೆಲು ಗೋಲು ತೆಗೆದುಕೊಂಡು ಅದೇ ದಾರಿಯನ್ನು ಮತ್ತೊಮ್ಮೆ ತಟ್ಟುತ್ತ ಬರುತ್ತಿದ್ದ. ಜನರ ಮಟ್ಟಿಗೆ ಅದರಿಂದ ಅಪಾಯವಿರಲಿಲ್ಲ.

ಮೂರನೇ ವಾರದ ಗುರುವಾರ ಹಾಗೆ ಬರುವಾಗ, ಹದಿನಾಲ್ಕನೇ ಅಡ್ಡದಾರಿಯ ತಿರುವಿನಲ್ಲಿ, ಬೆಳಗ್ಗೆ ತಾನೇ ‘ಒಳ್ಳೇದು’ ಎಂದಿದ್ದ ಕಲ್ಲು ಬಿದಿರಿನ ಮೂಲಕ ಅಂಗೈಗೆ ಬೇರೆಯೇ ಮಾತು ಹೇಳಿತು. ಅಲ್ಲೇ ನಿಂತು ಎರಡು ಕಂಬ ಹಾಕಿಸಿದ. ಆಮೇಲೆ ಹತ್ತಿ ಬಂದು ದೀಪ ಕೊಡಲು ನನ್ನ ಕಿಟಕಿಗೆ ಬಂದವನ ಮುಖ ನೋಡಿ ನಾನು ಬಾಗಿಲು ತೆರೆದು ಒಳಗೆ ಕರೆದೆ.

“ಕಂಬ ಹಾಕ್ಸೀದಿ, ಮುಗೀತಲ್ಲ,” ಎಂದೆ, ಮುಖಕ್ಕೆ ಮುಖ ಕೊಟ್ಟು.

“ಎಲ್ಲಿ ಮುಗೀತೋ. ಮುಂಜಾನೆ ನಾ ಅಂದ ‘ಒಳ್ಳೇದು’ ಮ್ಯಾಲೆ ಹೋಗ್ಯಾದ. ಆ ಚಿಕ್ಕ ಸರ್ದಾರ ಅದನ್ನ ನುಂಗ್ಯಾನ. ನಾಳೆ ಏಳನೇ ಬಾವ್ಯಾಗ ಯಾವನೋ ಇಂಥಾ ಕಲ್ಲಿಗೆ ತಟ್ತಾನ, ಹಸರು ಹತ್ತತದ, ಅಂವ ಕೆಳಗ ಕುಂತು ಸದ್ದಿ ಬಿಚ್ತಾನ. ಕಂಬ ಹಾಕ್ಲಿಕ್ಕ ನಾ ಅಲ್ಲಿ ಇರ್ತೀನೇನು?”

“ಒಂದೇ ತಪ್ಪು ತಾನೇ.”

“ಗೊತ್ತಾದದ್ದು ಒಂದು.”

ಮಾತು ಆಡಿದರೆ ಹೋಯಿತು ಎಂದು ನಾವು ಗಾದೆ ಹೇಳುತ್ತೇವೆ. ಅವನ ಮಾತು ಎಲ್ಲಿಗೆ ಹೋಗಿತ್ತೆಂಬುದನ್ನು ಅವನು ನನ್ನ ಪರದೆಯ ಹಿಂದಿನ ಕೇಬಲ್ಲಿನಲ್ಲಿ ನೋಡುತ್ತ ಕುಳಿತ. ಹದಿನಾಲ್ಕು ತಿಂಗಳಲ್ಲಿ ಒಂದು ಕಳೆದು ಹದಿಮೂರಾಗಿತ್ತು.

ಶುಕ್ರವಾರ ಮ್ಯಾನೇಜರು ಅವನನ್ನು ಕರೆಸಿದರು. ನಾನೂ ಪರದೆಯ ಲೆಕ್ಕ ಒಪ್ಪಿಸಲು ಅಲ್ಲಿದ್ದೆ. ಪ್ರವಳಿಕ ಹಾಳೆಗಳನ್ನು ಹರಡಿಕೊಂಡಿದ್ದಳು. ಒಂದೇ ಬಗೆಯ ಸದ್ದಿಗೆ ಸರ್ದಾರ ಒಮ್ಮೆ ಒಳ್ಳೇದೆನ್ನುತ್ತಾನೆ, ಒಮ್ಮೆ ಕೆಟ್ಟದ್ದೆನ್ನುತ್ತಾನೆ, ಯಂತ್ರಕ್ಕೆ ದಾರಿ ತಿಳಿಯುತ್ತಿಲ್ಲ ಎಂಬುದು ವಿಷಯ.

“ನಿಮ್ಮ ಹೈದರಾಬಾದಿನವರು ಏನಂತಾರೆ?” ಎಂದರು ಮ್ಯಾನೇಜರು.

“ಹೊಂದದೇ ಇರೋವನ್ನ ಕಿತ್ತು ಹಾಕಿ ಮುಂದೆ ಹೋಗು ಅಂತಾರೆ ಸಾರ್.”

“ಹಾಗೇ ಮಾಡಿ ಮತ್ತೆ. ವಯಸ್ಸಾದವರು, ಹತ್ತರಲ್ಲಿ ಎರಡು ತಪ್ಪುತ್ತೆ. ಏನಪ್ಪ ಓದೆಲು?”

ಓದೆಲು ಮ್ಯಾನೇಜರ ತುಟಿಯನ್ನು ನೋಡುತ್ತಿದ್ದ. ಪ್ರವಳಿಕ ಮಾತಾಡಿದಾಗ ತಲೆ ಅವಳ ಕಡೆ ತಿರುಗಿತ್ತು. ಅವಳು ಹಾಳೆಯ ಕಡೆ ಬಗ್ಗಿ ಮಾತಾಡಿದ್ದರಿಂದ ಅವಳ ಮಾತು ಅವನಿಗೆ ದಕ್ಕಿರಲಿಲ್ಲ. “ಹೂಂ ಸಾರ್,” ಎಂದ. ಅವಳು ಇದನ್ನೆಲ್ಲ ಗಮನಿಸುತ್ತಿದ್ದುದನ್ನು ನಾನು ಕಂಡೆ. ಒಂದು ಗಳಿಗೆಯ ಹೊತ್ತು ಅವಳು ಹಾಳೆ ಮಡಿಚಲಿಲ್ಲ.

ಹೊರಗೆ ಕ್ಯಾಂಟೀನಿನ ಬೆಂಚಿನ ಮೇಲೆ ಅವಳು ನಮ್ಮಿಬ್ಬರಿಗೂ ಗುಡಾಲು ತರಿಸಿದಳು. ಬೇಯಿಸಿದ ಕಡಲೆಗೆ ಈರುಳ್ಳಿ ಉದುರಿಸುತ್ತ, ಓದೆಲುವಿನ ಎದುರಿಗೇ ಕುಳಿತು, ನಿಧಾನವಾಗಿ ತುಟಿ ಬಿಡಿಸಿ ಹೇಳಿದಳು:

“ನಮ್ಮಪ್ಪ ಮೂವತ್ತು ವರ್ಷ ಪವರ್‌ಲೂಮ್ ನಡಿಸ್ದ, ದೊಡ್ಡಪ್ಪಾ. ಒಂದು ಮನ್ಯಾಗ ಎಂಟು ಮಗ್ಗ. ಈಗ ಅಂವ ನನ್ನ ಬಾಯಿ ನೋಡೇ ಮಾತಾಡೋದು. ಮಗ್ಗದಾಗ ಎಲ್ಲಿ ಕೆಟ್ಟದ ಅಂತ ಅಂವ ಹ್ಯಾಂಗ ಹಿಡಿತಿದ್ದ ಗೊತ್ತೇನು? ಮರದ ಚೌಕಟ್ಟಿನ ಮ್ಯಾಲ ಹಿಂಗ ಅಂಗೈ ಇಡ್ತಿದ್ದ.”

ಅವಳು ಮೇಜಿನ ಮೇಲೆ ಅಂಗೈ ಇಟ್ಟಳು. ಬೇರೇನೂ ಕೇಳಲಿಲ್ಲ. ತಿನ್ನತೊಡಗಿದಳು.

ಓದೆಲು ಗುಡಾಲಿನ ತಟ್ಟೆ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, “ನೀ ಹೇಳಿದೇನು?” ಎಂದ.

“ನಿನ್ನಾಣೆ ಇಲ್ಲ.”

“ಅವ್ರು ಹೇಳಿಲ್ಲ,” ಎಂದಳು ಅವಳು. “ನಾನೂ ಯಾರ್ಗೂ ಹೇಳೂದಿಲ್ಲ. ನಿಮ್ಮ ಕಿವಿ ನಿಮ್ಮದು. ನನಗ ಬೇಕಾದದ್ದು ಕಲ್ಲಿನ ಮಾತು ಅಷ್ಟೇ. ಆದರ ಗೋಲಿನ ಸುದ್ದಿ ಬರೀದೇ ನಾ ಹ್ಯಾಂಗ ಬರೀಲಿ, ಅದು ನನಗ ತಿಳೀವಲ್ದು.”

ಅವನು ತನ್ನ ಅಂಗೈಯನ್ನೂ ಮೇಜಿನ ಮೇಲಿಟ್ಟ. ಆಮೇಲೆ ಕೇಳಿದ: “ಬಿಡ್ಡಾ, ಈ ಮೂರು ವಾರದ್ದು ವಾಪಸ್ ತಗೀಲಿಕ್ಕ ಬರ್ತದೇನು?” ಮಗಳ ವಯಸ್ಸಿನವರನ್ನೆಲ್ಲ ಅವನು ಬಿಡ್ಡಾ ಎಂದೇ ಕರೆಯುವುದು.

“ಬರ್ತದ. ನೀವು ತಪ್ಪು ಅಂತ ಬರದುಕೊಟ್ರ ಅಷ್ಟೂ ಒರಸಿಬಿಡ್ತೀನಿ.”

“ಹಂಗಾದ್ರ ಆಡಿದ ಮಾತು ವಾಪಸ್ ತಗೋಬಹುದು ಅಂದಂಗಾತು. ನಮ್ಮ ಕಾಲದಾಗ ಇದು ಇರಲಿಲ್ಲ.” ಎದ್ದು ನಿಂತ. “ಪೋಷವ್ವನ್ನ ಒಂದು ಮಾತು ಕೇಳಿ ಬರ್ತೀನಿ.”

ಆ ಸಂಜೆ ಅವರ ಮನೆಯಲ್ಲಿ ನಡೆದದ್ದು ಗೋಡೆಯಾಚೆಯ ಮನೆಯವನಾದ ನನಗೆ ಕೇಳಿಸಿತು. ಕಿವುಡನ ಮನೆಯಲ್ಲಿ ಗುಟ್ಟು ಉಳಿಯುವುದಿಲ್ಲ, ಹೆಂಡತಿ ಕೂಗಿಯೇ ಹೇಳಬೇಕಾಗುತ್ತದೆ. “ಆರತಿ ತಟ್ಟೆ ಕೊಂಡಾಗ್ಯಾದ, ಅದಕ್ಕೇನು ವರ್ಷ ಬರಕೊಟ್ಟಾರೇನು?” ಎಂದಳು ಪೋಷವ್ವ. “ಆರತಿ ಮುಂದಿನ ವರ್ಷ ಎತ್ತಿದ್ರೂ ಅದೇ ಕರ್ಪೂರ, ಈ ವಾರ ಎತ್ತಿದ್ರೂ ಅದೇ. ಹತ್ತೊಂಬತ್ತು ವರ್ಷ ಯಾರ ಮನ್ಯಾಗೂ ಅಳು ಬರ್ಲಾರ್ದಂಗ ನೋಡ್ಕೊಂಡೀರಿ. ಇನ್ನೊಂದು ವರ್ಷದ ಆಸೆಗೆ ಅದನ್ನ ಕೆಡಸ್ಕೋತೀರೇನು?”

ಸೋಮವಾರ ಬೆಳಗ್ಗೆ ಓದೆಲು ಬಿದಿರುಗೋಲು ಹಿಡಿದು ಮ್ಯಾನೇಜರ ಕೋಣೆಗೆ ಹೋದ. ಗೋಲು ಬಾಗಿಲಿಗಿಂತ ಎತ್ತರವಿದ್ದುದರಿಂದ ಓರೆ ಮಾಡಿ ಒಳಗೆ ತಂದ. ಎಲ್ಲವನ್ನೂ ಹೇಳಿದ. ಮ್ಯಾನೇಜರು ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದರು, ಆಮೇಲೆ ಇಂಥದ್ದನ್ನು ಕಣ್ಣಿಂದ ನೋಡದೆ ಬರೆಯಲಾಗದು ಎಂದು ತಾವೇ ಟೊಪ್ಪಿಗೆ ಹಾಕಿಕೊಂಡು ಇಳಿದರು. ಅಂದು ಓದೆಲುವಿನ ಎರಡೂ ಕಿವಿಗೆ ಹತ್ತಿ ತುರುಕಿದರು. ಹನ್ನೆರಡು ಕಡೆ ಅವನು ಗೋಲು ಒತ್ತಿ ತಟ್ಟಿ ಹೇಳಿದ. ಹನ್ನೆರಡು ಕಡೆಯೂ ತೂತು ಕೊರೆದು, ಸಣ್ಣ ಕ್ಯಾಮರಾ ತೂರಿಸಿ, ಕಲ್ಲಿನ ಒಳಗನ್ನು ನೋಡಿದರು. ಹನ್ನೊಂದು ಸರಿಯಾಗಿತ್ತು. ಹನ್ನೆರಡನೆಯದು ಕೆಟ್ಟದ್ದೆಂದು ಅವನು ಹೇಳಿದ್ದ. ಕ್ಯಾಮರಾದಲ್ಲಿ ಬಿರುಕು ಕಾಣಲಿಲ್ಲ.

“ಇನ್ನೊಂದು ಮೊಳ ಕೊರೀರಿ,” ಎಂದ ಓದೆಲು.

ಕೊರೆದರು. ಅಲ್ಲಿತ್ತು.

ಮ್ಯಾನೇಜರು ಟೊಪ್ಪಿಗೆ ಸರಿಮಾಡಿಕೊಂಡು, ಅವನ ಮುಖಕ್ಕೆ ದೀಪ ಬೀಳದಂತೆ ತಲೆ ಪಕ್ಕಕ್ಕೆ ತಿರುಗಿಸಿ, ತುಟಿ ಕಾಣದಿದ್ದರೆ ಅವನಿಗೆ ತಿಳಿಯದೆಂದು ನೆನಪಾಗಿ, ಎದುರಿಗೇ ನಿಂತು ಹೇಳಿದರು: “ಓದೆಲು, ನಾನು ನಿನ್ನನ್ನ ವೈದ್ಯರ ಹತ್ತಿರ ಕಳಿಸಲೇಬೇಕು. ಗೊತ್ತಾದ ಮೇಲೆ ಸುಮ್ಮನಿದ್ದರೆ ನನ್ನ ತಪ್ಪು.”

“ಗೊತ್ತು ಸಾರ್. ಶನಿವಾರ ಆಗ್ಲಿ. ಮನ್ಯಾಕಿಗೆ ಒಂದು ಸೀರಿ ಆಯ್ಕೊಳ್ಳಿಕ್ಕ ವ್ಯಾಳ್ಯಾ ಬೇಕಂತ.”

ಮ್ಯಾನೇಜರು ಕಾಯಿದೆಯ ಪುಸ್ತಕವನ್ನೂ ಮನುಷ್ಯನನ್ನೂ ಬಲ್ಲವರು. ಆ ವಾರ ಅವನು ಕೊಮುರಯ್ಯನ ಹೆಗಲ ಮೇಲೆ ಕೈಯಿಟ್ಟೇ ನಡೆಯಬೇಕು, ಬಂಡಿಗಳ ದಾರಿಗೆ ಹೋಗಕೂಡದು ಎಂದು ಷರತ್ತು ಹಾಕಿದರು. ಶನಿವಾರ ಮೊದಲ ಪಾಳಿಯಲ್ಲಿ ಅವನಿಗೆ ಕೊನೆಯ ಇಳಿತ.

ಮಧ್ಯಾಹ್ನ ಎರಡೂವರೆಗೆ ಎಲ್ಲರೂ ಹತ್ತಿ ಬಂದು ಗುಡಿಯ ಎರಡೂ ಬದಿ ನಿಂತಿದ್ದರು. ಎರಡನೇ ಪಾಳಿಯವರು ಇಳಿಯದೆ ನಿಂತಿದ್ದರು. ಬಂಡಿಗಳನ್ನು ನಿಲ್ಲಿಸಿ, ಹತ್ತಿ ಬರುವ ಆ ಒಂದು ದಾರಿಗೆ ಮಾತ್ರ ಮ್ಯಾನೇಜರು ಷರತ್ತು ಸಡಿಲಿಸಿದ್ದರು. ನನ್ನ ಗೂಡುಗಳಲ್ಲಿ ಒಂದೇ ಒಂದು ಖಾಲಿ. ಪರದೆಯ ಮೇಲೆ ಒಂದೇ ಒಂದು ಹಸಿರು ಚುಕ್ಕಿ ಇಳಿಜಾರನ್ನು ಏರಿ ಬರುತ್ತಿತ್ತು, ನೂರು ಹೆಜ್ಜೆಗೊಮ್ಮೆ ನಿಂತು. ಪೆಟ್ಟಿಗೆ ಇರುವ ಪ್ರತಿ ಜಾಗದಲ್ಲೂ ಅವನು ಮೇಲಿನ ಕಲ್ಲಿಗೆ ಒಮ್ಮೆ ತಟ್ಟಿ ಬರುತ್ತಿದ್ದನೆಂದು ಆಮೇಲೆ ತಿಳಿಯಿತು. ನಾನು ಕಿಟಕಿಗೆ ಬೀಗ ಹಾಕಿ ಹೊರಗೆ ಬಂದೆ. ಬೆಳಕಿಗೆ ಬಂದವನ ಮುಖದಲ್ಲಿ ಮಸಿ, ಹಲ್ಲು, ಎರಡು ಕಣ್ಣು. ಪೋಷವ್ವ ಹಸಿರು ಸೀರೆಯುಟ್ಟು, ತಟ್ಟೆಯಲ್ಲಿ ಕರ್ಪೂರ ಹಚ್ಚಿ ನಿಂತಿದ್ದಳು. ಅವಳು ಏನೋ ಹೇಳಿದಳು, ಯಾರಿಗೂ ಕೇಳದ ಹಾಗೆ, ಬರೀ ತುಟಿಯಲ್ಲಿ. ಅವನು ನಕ್ಕ. ಏನೆಂದಳೆಂದು ಇಬ್ಬರೂ ಇಂದಿಗೂ ಹೇಳಿಲ್ಲ.

ಕೊಮುರಯ್ಯ ಹಾರ ಹಾಕಿ, ಕಾಲು ಮುಟ್ಟಿ, ಎದ್ದು, “ಮಾಮಾ, ನಾಲ್ಕು ವರ್ಷ ನಿನ್ನ ಬೆನ್ನ ಹಿಂದ ನಿನಗ ಬೈದದ್ದೆಲ್ಲ ದಂಡ ಆತು ನೋಡು,” ಎಂದ.

“ನೆಳ್ಳು ಕಾಣ್ತಿತ್ತೋ. ನೀ ಬೈಯುವಾಗ ಕೈ ಆಡಸ್ತಿ,” ಎಂದ ಓದೆಲು.

ತೂಕದ ಕಟ್ಟೆಗೆ ಹೋಗುವ ಪ್ರಸಂಗ ಬರಲಿಲ್ಲ. ಪ್ರವಳಿಕ ಹಳೆಯದನ್ನೆಲ್ಲ ಒರೆಸಿ, ಆರಂಭದಿಂದ ಶುರುಮಾಡಿದಳು. ಸಲಾಕೆಯಿಂದ ಧ್ವನಿಗ್ರಾಹಕ ಕಿತ್ತು, ಹೊಸ ಬಿದಿರುಗೋಲುಗಳ ಹಿಡಿಯಲ್ಲಿ ನಡುಕ ಅಳೆಯುವ ಗುಂಡಿ ಕೂರಿಸಿದಳು. ಕೆಳಗೆ ತಟ್ಟಿದ ನಡುಕ ಕೇಬಲ್ ಹತ್ತಿ ಬಂದು, ನನ್ನ ಕೋಣೆಯ ಪಕ್ಕದ ನಿಯಂತ್ರಣ ಕೋಣೆಯಲ್ಲಿ ಒಂದು ಮರದ ಹಲಗೆಯನ್ನು ಅಲುಗಿಸುತ್ತದೆ. ಆ ಹಲಗೆಯ ಮೇಲೆ ಓದೆಲು ಅಂಗೈ ಇಟ್ಟು ಕೂರುತ್ತಾನೆ. ಅವನು ಹೇಳಿದ್ದನ್ನು ಯಂತ್ರ ಕಲಿಯುತ್ತದೆ. ಮೊದಲು ಮಾಡಿದ ಹಲಗೆ ಕಬ್ಬಿಣದ್ದು. “ಇದೇನು, ಕರೀಂನಗರದ ಬಸ್ಸಿನ ಕಿಟಕಿ ಮುಟ್ಟಿದಂಗ ಆಗ್ತದ,” ಎಂದು ಅವನು ಕೈ ತೆಗೆದ. ಎರಡನೆಯದು ತೇಗ; ಪರವಾಗಿಲ್ಲ ಎಂದ. ಮೂರನೆಯದಕ್ಕೆ ಅವಳು ಅವನ ಹಳೆಯ ಗೋಲನ್ನೇ ಕೇಳಿದಳು. ಒಂದು ದಿನ ಯೋಚಿಸಿ ಕೊಟ್ಟ. ಅದನ್ನು ಸೀಳಿ ಜೋಡಿಸಿದ ಹಲಗೆಯೇ ಈಗಲೂ ಇರುವುದು, ಅವನ ಅಂಗೈ ಕಪ್ಪು ಮಾಡಿದ ಭಾಗ ಮೇಲೆ ಬರುವ ಹಾಗೆ.

ಕೆಳಗಿನವರ ಮಾತು ಅವನಿಗೆ ದೊಡ್ಡ ಅಕ್ಷರಗಳಲ್ಲಿ ಪರದೆಯ ಮೇಲೆ ಬರುತ್ತದೆ. ಅವನ ಮಾತು ಅವರಿಗೆ ಕೇಳಿಸುತ್ತದೆ. ಚಿಕ್ಕ ಸರ್ದಾರನೂ ಅವನೂ ಈಗ ಹತ್ತಕ್ಕೆ ಒಂಬತ್ತು ಸಲ ಒಂದೇ ಮಾತು ಹೇಳುತ್ತಾರೆ. ಹತ್ತನೆಯದಕ್ಕೆ ಮ್ಯಾನೇಜರು ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದ್ದಾರೆ: ಇಬ್ಬರಲ್ಲಿ ಯಾರೊಬ್ಬರು ಕಂಬ ಎಂದರೂ ಕಂಬ.

ನಿವೃತ್ತಿಗೆ ಇನ್ನು ಎರಡು ತಿಂಗಳಿದೆ. ಕಚೇರಿಯ ಶಾಲು ಮತ್ತು ಬಿಸ್ಕತ್ತಿನ ಬಗ್ಗೆ ಅವನಿಗೀಗ ತಕರಾರಿಲ್ಲ. ಆರತಿ ಒಮ್ಮೆ ಆದದ್ದು ಆಯಿತು ಎನ್ನುತ್ತಾನೆ. ಇಳಿಯುವ ಆಸೆ ಮಾತ್ರ ಹೋಗಿಲ್ಲ. ಬೆಳಗ್ಗೆ ಪಾಳಿಯವರು ದೀಪ ತೆಗೆದುಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, ಕೊನೆಯವನು ಕತ್ತಲಿಗೆ ಸೇರುವವರೆಗೆ ನೋಡುತ್ತಾನೆ. ಆಮೇಲೆ ಒಳಗೆ ಹೋಗಿ ಕೈ ಒರೆಸಿಕೊಂಡು ಹಲಗೆಯ ಮುಂದೆ ಕೂರುತ್ತಾನೆ.

ಮೊನ್ನೆ ಊಟದ ಹೊತ್ತಿಗೆ ನಾನು ಅಲ್ಲಿಗೆ ಹೋದೆ. ಅವನು ಸದ್ದಿ ಡಬ್ಬಿಯ ಮುಚ್ಚಳಕ್ಕೆ ಬಲಗೈ ಹಾಕಿದ್ದ. ಎಡಗೈ ಹಲಗೆಯ ಮೇಲಿತ್ತು. ಈಗ ಕೊಮುರಯ್ಯನೇ ಸರ್ದಾರ. ಅವನು ಸುರಂಗದೊಳಗೆ ತಲೆಯ ಮೇಲಿನ ಕಲ್ಲಿಗೆ, ಬತುಕಮ್ಮ ಹಬ್ಬದಲ್ಲಿ ಆಡುವಾಗ ಹೆಂಗಸರು ತಟ್ಟುವ ಚಪ್ಪಾಳೆಯ ತಾಳವನ್ನು ಸಲಾಕೆಯಿಂದ ಹೊಡೆಯುತ್ತಿದ್ದನೆಂದು ಕಾಣುತ್ತದೆ. ಓದೆಲು ಕಣ್ಣು ಮುಚ್ಚಿ ಆ ತಾಳಕ್ಕೆ ತಲೆಯಾಡಿಸುತ್ತಿದ್ದ. ತಲೆ ನಿಂತಿತು.

“ಕೊಮುರಯ್ಯಾ, ಹಾಡು ಸಾಕು. ಈಗ ಹೊಡದೀಯಲ್ಲ, ಅಲ್ಲಿಂದ ಎಡಕ್ಕ ಒಂದು ಮಾರು ಸರಿ. ಹೊಡಿ.”

ಪರದೆಯ ಮೇಲೆ ಅಕ್ಷರ ಮೂಡಿತು: ಚಿಕ್ಕ ಸರ್ದಾರ ಹಸಿರು ಅಂತಾನ, ಮಾಮಾ. ಹೊಟ್ಟಿ ಹಸದದ.

“ಇನ್ನೊಮ್ಮೆ ಹೊಡಿ.”

ನಾನು ಆ ಹಲಗೆಯ ಅಂಚಿಗೆ ನನ್ನ ಕೈಯನ್ನೂ ಇಟ್ಟೆ. ಏನೋ ಜುಮ್ಮೆಂದಿತು, ಅಷ್ಟೇ. ಓದೆಲು ನನ್ನ ಕೈಯನ್ನು ನೊಣದಂತೆ ಸರಿಸಿದ.

“ಕಂಬ,” ಎಂದ.

ಕೆಳಗಿನಿಂದ ವಾದ ಬರಲಿಲ್ಲ. ಕಂಬ ಹೊತ್ತು ತಂದು, ತಲೆಗೆ ಹಲಗೆ ಕೊಟ್ಟು, ಬೆಣೆ ಬಡಿಯುವುದಕ್ಕೆ ಒಂದು ಗಳಿಗೆ ಹಿಡಿಯುತ್ತದೆ. ಆ ಬೆಣೆಯ ಏಟುಗಳೂ ಹಲಗೆಗೆ ಬಂದವು, ಅವನು ಎಣಿಸುತ್ತಿದ್ದ. ‘ನಿಂತಿತು’ ಎಂದು ಪರದೆಯ ಮೇಲೆ ಬಂದ ಮೇಲೆಯೇ ಅವನು ಎಡಗೈ ಎತ್ತಿದ್ದು. ರೊಟ್ಟಿ ಮುರಿದು ಅರ್ಧ ನನ್ನ ಕಡೆ ನೂಕಿದ.